ನಗರದ ತರಗತಿಗೆ ಹೊಸ ಶಿಕ್ಷಕರು: ಪಾಠ ಗೊತ್ತು, ಮಕ್ಕಳು ಗೊತ್ತೇ?

ಮೆಣಸಗಿ (ರೋಣ ತಾ.): ಶಿಗ್ಗಾವಿ ತಾಲ್ಲೂಕಿನ ದುಂಡಶಿಯ ಬಳಿ ಹುಟ್ಟುವ ಬೆಣ್ಣಿಹಳ್ಳವು ಹುಬ್ಬಳ್ಳಿ, ನವಲಗುಂದ ಸೀಮೆಯ ಎರೆಭೂಮಿಯನ್ನು ಹಾಯ್ದು ಗದಗ ಜಿಲ್ಲೆಯ ಈ ಊರಿನ ಸಮೀಪ ಮಲಪ್ರಭಾ ನದಿಯನ್ನು ಕೂಡುತ್ತದೆ. ನೀರು ಹುಬ್ಬಳ್ಳಿಯ ಕಡೆಯಿಂದ ಇತ್ತ ಬರುತ್ತದೆ; ಜನ ಇಲ್ಲಿಂದ ಅತ್ತ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿಯೂ, 2009 ಹಾಗೂ 2019ರಂತೆ ನೆರೆ ಬಂದ ವರ್ಷಗಳಲ್ಲಿಯೂ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಕುಟುಂಬಗಳು ಗುಳೆ ಹೊರಡುವುದು ಈ ಭಾಗದಲ್ಲಿ ಹೊಸ ಸಂಗತಿಯಲ್ಲ. ಹುಬ್ಬಳ್ಳಿ, ಬೆಂಗಳೂರು, ಮಂಗಳೂರು ಹಾಗೂ ಗೋವಾದ ಕಟ್ಟಡ ಕೆಲಸಗಳು ಅವರನ್ನು ಕರೆದುಕೊಳ್ಳುತ್ತವೆ.

ಇವರೊಡನೆ ಮಕ್ಕಳೂ ಹೋಗುತ್ತಾರೆ. ಇದೇ ಊರುಗಳಿಂದ ಇನ್ನೊಂದು ಗುಂಪೂ ನಗರಕ್ಕೆ ಹೋಗುತ್ತದೆ. ಡಿ.ಇಡಿ ಅಥವಾ ಬಿ.ಇಡಿ ಮುಗಿಸಿ ಶಿಕ್ಷಕ ವೃತ್ತಿಯನ್ನು ಅರಸಿ ಹೊರಡುವ ಯುವಕ ಯುವತಿಯರ ಗುಂಪು ಅದು. ಒಂದಲ್ಲ ಒಂದು ದಿನ ಇವರಿಬ್ಬರೂ ನಗರದ ಒಂದೇ ಕೊಠಡಿಯಲ್ಲಿ ಎದುರುಬದುರಾಗುತ್ತಾರೆ. ಕೊಠಡಿಯಲ್ಲಿ ರೋಣದ ಮಗುವಿನ ಪಕ್ಕದಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ಹಿಂದಿ, ಲಂಬಾಣಿ ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಆ ಹೊಸ ಶಿಕ್ಷಕಿಗೆ ಪಾಠ ಮಾಡುವುದನ್ನು ಕಲಿಸಿ ಕಳುಹಿಸಲಾಗಿದೆ. ಎದುರಿಗೆ ಕುಳಿತವರು ಯಾರು ಎಂಬುದನ್ನು ಅರಿಯುವ ವಿಧಾನವನ್ನು ಕಲಿಸಲಾಗಿದೆಯೇ? ಶಿಕ್ಷಕರ ತರಬೇತಿಯ ಕುರಿತ ಇಂದಿನ ಚರ್ಚೆಯ ತಿರುಳು ಈ ಪ್ರಶ್ನೆಯಲ್ಲಿದೆ.

ಅಂಕಿಗಳಲ್ಲಿ ಕಾಣುವುದು, ಕಾಣದಿರುವುದು

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಶೇ. 66ರಷ್ಟು. ಉರ್ದು ಶೇ. 11ರ ಸಮೀಪ, ತೆಲುಗು ಶೇ. 6ರ ಸಮೀಪದಲ್ಲಿದ್ದು, ತಮಿಳು, ಮರಾಠಿ, ಹಿಂದಿ, ತುಳು, ಕೊಂಕಣಿ, ಮಲಯಾಳಂ ಆನಂತರ ಬರುತ್ತವೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರ ಪ್ರಮಾಣ ಅರ್ಧಕ್ಕಿಂತ ಕಡಿಮೆ.

ಈ ಅಂಕಿಗಳೂ ಪೂರ್ಣ ಚಿತ್ರವನ್ನು ಕೊಡುವುದಿಲ್ಲ. ಗಜೇಂದ್ರಗಡ ಭಾಗದ ತಾಂಡಾಗಳಲ್ಲಿ ಆಡುವ ಲಂಬಾಣಿ ಭಾಷೆಯನ್ನು ಜನಗಣತಿಯು ಹಿಂದಿ ಎಂಬ ಶೀರ್ಷಿಕೆಯಡಿ ಸೇರಿಸುತ್ತದೆ. 2011ರಲ್ಲಿ ದೇಶದಾದ್ಯಂತ 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿಯನ್ನು ತಮ್ಮ ಮಾತೃಭಾಷೆಯೆಂದು ಹೇಳಿದ್ದರೂ ಒಟ್ಟು ಲೆಕ್ಕದಲ್ಲಿ ಅವರು ಹಿಂದಿಯವರು. ಪಟ್ಟಿಯನ್ನು ನೋಡಿ ಮಗುವಿಗೆ ಹಿಂದಿ ಬರುತ್ತದೆ ಎಂದು ಭಾವಿಸಿದ ಶಿಕ್ಷಕಿ ಮೊದಲ ದಿನವೇ ತಪ್ಪು ದಾರಿ ಹಿಡಿದಂತೆ. ನಗರದ ತರಗತಿಯ ವೈವಿಧ್ಯವನ್ನು ಅಂಕಿಪಟ್ಟಿಯಿಂದ ತಿಳಿಯಲಾಗದು; ಮಕ್ಕಳನ್ನು ಕೇಳಿಯೇ ತಿಳಿಯಬೇಕು.

ಕನ್ನಡದೊಳಗಿನ ಕನ್ನಡಗಳು

ಮನೆಮಾತು ಕನ್ನಡವೇ ಆಗಿದ್ದ ಮಾತ್ರಕ್ಕೆ ಸಮಸ್ಯೆ ಇಲ್ಲವೆನ್ನುವಂತಿಲ್ಲ. ಮೆಣಸಗಿ ಸೀಮೆಯ ಮಗು ಬೆಂಗಳೂರಿನ ಶಾಲೆಯೊಂದಕ್ಕೆ ಸೇರಿತೆಂದು ಇಟ್ಟುಕೊಳ್ಳೋಣ. ತಾಯಿಯನ್ನು ಅದು ‘ಅವ್ವ’ ಎನ್ನುತ್ತದೆ. ಈ ಭಾಗದ ಎಷ್ಟೋ ಮನೆಗಳಲ್ಲಿ ‘ಅಮ್ಮ’ ಎಂದರೆ ಅಜ್ಜಿ. ‘ನಾಳೆ ನಿಮ್ಮ ಅಮ್ಮನನ್ನು ಕರೆದುಕೊಂಡು ಬಾ’ ಎಂದು ಶಿಕ್ಷಕಿ ಹೇಳಿದರೆ, ಅಜ್ಜಿ ಊರಿನಲ್ಲಿ ಉಳಿದಿದ್ದಾಳೆ ಎಂದು ಮಗು ಸುಮ್ಮನಾಗಬಹುದು. ಲೆಕ್ಕದ ಪುಸ್ತಕದ ಕಡಲೆಕಾಯಿ ಅದಕ್ಕೆ ಶೇಂಗಾ, ಈರುಳ್ಳಿ ಉಳ್ಳಾಗಡ್ಡಿ. ಮಂಗಳೂರಿಗೆ ಹೋದರೆ ಅದೇ ಈರುಳ್ಳಿ ನೀರುಳ್ಳಿಯಾಗುತ್ತದೆ. ಲೆಕ್ಕ ಬಾರದೆ ನಿಂತಿದೆಯೋ, ಪದ ತಿಳಿಯದೆ ನಿಂತಿದೆಯೋ ಎಂಬುದನ್ನು ಬೇರ್ಪಡಿಸಿ ನೋಡುವುದು ಶಿಕ್ಷಕಿಯ ಮೊದಲ ಕೆಲಸ.

ಬೇರೆ ಮನೆಮಾತಿನ ಮಕ್ಕಳ ತಪ್ಪುಗಳಿಗೂ ಒಂದು ಕ್ರಮವಿದೆ. ಉರ್ದುವಿನಲ್ಲಿ ‘ಳ’ಕಾರವಿಲ್ಲ. ಆದ್ದರಿಂದ ಉರ್ದು ಮನೆಮಾತಿನ ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದು ಬರೆದರೆ ಅದು ಅಜಾಗರೂಕತೆಯಲ್ಲ. ಕಿವಿಗೆ ಇನ್ನೂ ಪರಿಚಯವಾಗದ ಧ್ವನಿಯ ಪರಿಣಾಮ. ತಮಿಳು ಲಿಪಿಯಲ್ಲಿ ‘ಕ’ ಮತ್ತು ‘ಗ’ಗಳಿಗೆ ಒಂದೇ ಅಕ್ಷರ. ತಮಿಳು ಮನೆಯ ಮಗು ‘ಗಾಳಿ’ಯನ್ನು ‘ಕಾಳಿ’ ಎಂದು ಬರೆಯಲು ಇದೂ ಕಾರಣವಾಗಬಹುದು. ಇದನ್ನು ಬಲ್ಲ ಶಿಕ್ಷಕಿ ಆ ಎರಡು ಧ್ವನಿಗಳ ಭೇದವನ್ನು ಕೇಳಿಸಿ, ಹೇಳಿಸಿ, ಬರೆಯಿಸುತ್ತಾಳೆ. ಬಲ್ಲದಿದ್ದವಳು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ನೂರು ಬಾರಿ ಬರೆಯಲು ಹೇಳುತ್ತಾಳೆ. ವ್ಯತ್ಯಾಸವಿರುವುದು ಇಬ್ಬರ ಸಹನೆಯಲ್ಲಿ ಅಲ್ಲ, ತರಬೇತಿಯಲ್ಲಿ.

ತರಬೇತಿಯಲ್ಲಿ ಏನಿದೆ?

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಒಂದು ವರ್ಷದ ಬಿ.ಇಡಿ ಕೋರ್ಸು 2015ರಿಂದ ಎರಡು ವರ್ಷದ್ದಾಯಿತು. ಹಿಂದೆ ಟಿಸಿಎಚ್ ಎನಿಸಿಕೊಂಡು, ಬಳಿಕ ಡಿ.ಇಡಿಯಾಗಿ, ಈಗ ಡಿ.ಎಲ್.ಇಡಿ ಎಂಬ ಹೆಸರಿನಲ್ಲಿರುವ ಪ್ರಾಥಮಿಕ ಶಿಕ್ಷಕರ ಕೋರ್ಸಿನ ಅವಧಿಯೂ ಎರಡು ವರ್ಷ. ಎರಡರಲ್ಲೂ ಒಟ್ಟು 20 ವಾರಗಳ ಶಾಲಾ ಅನುಭವ ಕಡ್ಡಾಯ. ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ.

ಕಾಗದದ ಮೇಲೆ ವೈವಿಧ್ಯದ ವಿಷಯ ಇಲ್ಲವೆನ್ನುವಂತಿಲ್ಲ. ಎಲ್ಲ ವಿಷಯಗಳ ಬೋಧನೆಯಲ್ಲಿ ಭಾಷೆಯ ಪಾತ್ರ, ಲಿಂಗತ್ವ ಮತ್ತು ಸಮಾಜ, ಎಲ್ಲರನ್ನೂ ಒಳಗೊಳ್ಳುವ ಶಾಲೆ ಎಂಬ ಪತ್ರಿಕೆಗಳು ಎರಡು ವರ್ಷದ ಬಿ.ಇಡಿ ಪಠ್ಯಕ್ರಮದಲ್ಲಿವೆ. ಮಗುವಿನ ಮನೆಮಾತನ್ನು ತೊಡಕೆಂದು ಕಾಣದೆ ಕಲಿಕೆಯ ಬಂಡವಾಳವೆಂದು ಕಾಣಬೇಕೆಂಬ ಮಾತು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿಯೇ ಇದೆ. ಕಲಿಕೆಗೆ ಮಾತೃಭಾಷೆಯೇ ಉತ್ತಮ ಮಾಧ್ಯಮವೆಂದು ಯುನೆಸ್ಕೊ 1953ರಷ್ಟು ಹಿಂದೆಯೇ ವರದಿ ಮಾಡಿತ್ತು.

ತೊಡಕು ಇರುವುದು ಅಭ್ಯಾಸದಲ್ಲಿ. ವೈವಿಧ್ಯವು ಪರೀಕ್ಷೆಯಲ್ಲಿ ಟಿಪ್ಪಣಿ ಬರೆಯುವ ವಿಷಯವಾಗಿ ಉಳಿದರೆ, ಶಾಲಾ ಅನುಭವದ ವಾರಗಳು ಪಾಠಯೋಜನೆಯ ಪುಸ್ತಕ ತುಂಬಿಸುವುದರಲ್ಲಿ ಕಳೆದುಹೋಗುತ್ತವೆ. ಪಾಠಯೋಜನೆಯಲ್ಲಿ ಉದ್ದೇಶ, ಪೀಠಿಕೆ, ಬೋಧನೋಪಕರಣ, ಮೌಲ್ಯಮಾಪನ ಎಂಬ ಅಂಕಣಗಳಿರುತ್ತವೆ. ಈ ತರಗತಿಯಲ್ಲಿ ಎಷ್ಟು ಮನೆಮಾತುಗಳಿವೆ, ಈ ಪಾಠದ ಯಾವ ಪದಗಳು ಯಾರಿಗೆ ಅಪರಿಚಿತ ಎಂಬ ಅಂಕಣವೂ ಅಲ್ಲಿ ಇರಬೇಕಲ್ಲವೇ? ಇಂಥ ಒಂದು ಅಂಕಣವನ್ನು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಹೆಚ್ಚುವರಿ ಅನುದಾನವೂ ಬೇಕಿಲ್ಲ.

ಹೊಸಬರು ಮೊದಲು ಎಲ್ಲಿಗೆ ಹೋಗುತ್ತಾರೆ?

ಸರಕಾರಿ ಶಾಲೆಗಳಿಗೆ ನೇಮಕಗೊಂಡವರು ಸಾಮಾನ್ಯವಾಗಿ ಹಳ್ಳಿಯಿಂದಲೇ ಸೇವೆ ಆರಂಭಿಸುತ್ತಾರೆ. ನಗರಕ್ಕೆ ಬರುವುದು ವರ್ಷಗಳ ನಂತರ, ವರ್ಗಾವಣೆಯ ಮೂಲಕ. ಆ ವೇಳೆಗೆ ಅವರು ಅನುಭವಿಗಳು. ಆದರೆ ಅವರ ಅನುಭವ ಒಂದೇ ಊರಿನ, ಬಹುಮಟ್ಟಿಗೆ ಒಂದೇ ಬಗೆಯ ಮಾತಿನ ಮಕ್ಕಳದು. ವರ್ಗಾವಣೆಯ ಆದೇಶದೊಂದಿಗೆ ನಗರದ ತರಗತಿಯ ಪರಿಚಯ ತಾನಾಗಿ ಬಂದುಬಿಡುವುದಿಲ್ಲ.

ಹಾಗಾದರೆ ತರಬೇತಿ ಮುಗಿಸಿದ ಕೂಡಲೇ ನಗರದ ಮಕ್ಕಳೆದುರು ನಿಲ್ಲುವವರು ಯಾರು? ಖಾಸಗಿ ಶಾಲೆಗಳ ಹೊಸ ಶಿಕ್ಷಕರು ಮತ್ತು ಸರಕಾರಿ ಶಾಲೆಗಳಲ್ಲಿ ಗೌರವಧನದ ಮೇಲೆ ದುಡಿಯುವ ಅತಿಥಿ ಶಿಕ್ಷಕರು. ಅತಿಥಿ ಶಿಕ್ಷಕರ ಸೇವೆ ಶೈಕ್ಷಣಿಕ ವರ್ಷದ ಕೊನೆಗೆ ಮುಗಿಯುತ್ತದೆ. ಮುಂದಿನ ವರ್ಷ ಅದೇ ಶಾಲೆ ಸಿಗುವ ಭರವಸೆಯಿಲ್ಲ. ಮಗುವೂ ಅಲೆಮಾರಿ, ಶಿಕ್ಷಕಿಯೂ ಅಲೆಮಾರಿ ಎಂಬಂತಾದರೆ ಒಬ್ಬರನ್ನೊಬ್ಬರು ಅರಿಯುವಷ್ಟರಲ್ಲಿ ಏಪ್ರಿಲ್ ಬಂದಿರುತ್ತದೆ. ತರಬೇತಿಯ ಮಾತಾಡುವಾಗ ನೇಮಕಾತಿಯ ಮಾತನ್ನು ಬಿಡಲಾಗದಿರುವುದು ಈ ಕಾರಣಕ್ಕೆ.

2019–20ರಲ್ಲಿ ರಾಜ್ಯ ಸರಕಾರವು 1,000 ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ಆರಂಭಿಸಿತು. ಆ ಕ್ರಮದ ಪರ ವಿರೋಧದ ವಾದಗಳು ಏನೇ ಇರಲಿ, ಕನ್ನಡ ಮಾಧ್ಯಮದಲ್ಲಿ ಓದಿ ಕನ್ನಡದಲ್ಲಿ ತರಬೇತಿ ಪಡೆದ ಶಿಕ್ಷಕರು ಇಂಗ್ಲಿಷ್ ಪುಸ್ತಕ ಹಿಡಿದು, ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳಿಗೆ ಕಲಿಸಬೇಕಾಗಿ ಬಂದದ್ದು ಸತ್ಯ. ಅಲ್ಲಿ ಎರಡು ಕಡೆಯೂ ಭಾಷೆ ಹೊಸತು.

ಕನ್ನಡ ಬಾರದವರಿಗೆ ಕನ್ನಡ

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯು ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. 2017ರಲ್ಲಿ ನಿಯಮಗಳು ಬಂದವು. ಇದರಿಂದಾಗಿ ಹೊರರಾಜ್ಯಗಳಿಂದ ಬಂದ ಕುಟುಂಬಗಳ ಮಕ್ಕಳು ಓದುವ ನಗರದ ಶಾಲೆಗಳಲ್ಲಿಯೂ ಕನ್ನಡ ಶಿಕ್ಷಕರು ಅಗತ್ಯವಾದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡದಲ್ಲಿ ವಿಜ್ಞಾನ ಕಲಿಸುವುದು ಒಂದು ಕೆಲಸ. ಕನ್ನಡ ಬಲ್ಲ ಮಗುವಿಗೆ ಕನ್ನಡ ಸಾಹಿತ್ಯವನ್ನು ಕಲಿಸುವುದು ಮತ್ತೊಂದು. ಕನ್ನಡದ ಒಂದು ಪದವೂ ತಿಳಿಯದ ಮಗುವಿಗೆ ಕನ್ನಡ ಕಲಿಸುವುದು ಇವೆರಡಕ್ಕಿಂತ ಬೇರೆಯಾದ ಮೂರನೆಯ ಕೆಲಸ. ಮೊದಲು ಕೇಳಿಸಬೇಕು, ಬಳಿಕ ಆಡಿಸಬೇಕು, ಅಕ್ಷರ ಆಮೇಲೆ ಬರಬೇಕು. ನಮ್ಮ ಕನ್ನಡ ಬೋಧನಾಶಾಸ್ತ್ರವು ಬಹುಕಾಲದಿಂದ ಎರಡನೆಯ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದಿದೆ. ಕನ್ನಡ ಎಂ.ಎ, ಬಿ.ಇಡಿ ಮಾಡಿದ ಯುವಕ ವರ್ಣಮಾಲೆಯಿಂದ ತೊಡಗಿ ಕಾಗುಣಿತ ಬರೆಸಿದರೆ, ಮಕ್ಕಳು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಶಾಲೆಯ ಹೊರಗಿನ ಅಂಗಡಿಯಲ್ಲಿ ಕನ್ನಡದಲ್ಲಿ ಹಾಲು ಕೇಳಲಾರರು. ಕಾಯ್ದೆಯ ಉದ್ದೇಶ ಈಡೇರಬೇಕಾದರೆ ದ್ವಿತೀಯ ಭಾಷೆಯಾಗಿ ಕನ್ನಡ ಕಲಿಸುವ ವಿಧಾನವು ತರಬೇತಿಯಲ್ಲಿ ಪ್ರತ್ಯೇಕ ಸ್ಥಾನ ಪಡೆಯಬೇಕು.

ಆಟದ ಮಾತು, ಪಾಠದ ಮಾತು

ಹೊಸ ಶಿಕ್ಷಕರು ಸುಲಭವಾಗಿ ಬೀಳುವ ಒಂದು ಭ್ರಮೆಯಿದೆ. ಮಗು ಮೈದಾನದಲ್ಲಿ ಗೆಳೆಯರೊಡನೆ ಸರಾಗವಾಗಿ ಕನ್ನಡ ಆಡುತ್ತದೆ. ಆದರೆ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತದೆ. ‘ಮಾತು ಬರುತ್ತದೆ, ಓದಲು ಮನಸ್ಸಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ ಈ ಕುರಿತು 1979ರ ಸುಮಾರಿಗೇ ವಿವರಿಸಿದ್ದಾರೆ. ಹೊಸ ಭಾಷೆಯಲ್ಲಿ ದಿನಬಳಕೆಯ ಮಾತು ಸುಮಾರು ಎರಡು ವರ್ಷದಲ್ಲಿ ಕೈಗೂಡಬಹುದು. ಪಾಠದ ಭಾಷೆ, ಅಂದರೆ ಹೋಲಿಸುವ, ಕಾರಣ ಕೊಡುವ, ವಿವರಿಸುವ ಭಾಷೆ ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗಬಹುದು ಎಂಬುದು ಅವರ ಪ್ರತಿಪಾದನೆ.

ಮೌನದ ಇನ್ನೊಂದು ಕಾರಣವನ್ನು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ. ಮೂರು ಸೆಕೆಂಡು ಕಾದರೆ ಹೆಚ್ಚು ಮಕ್ಕಳು ಹೆಚ್ಚು ದೀರ್ಘವಾಗಿ ಉತ್ತರಿಸುತ್ತಾರೆ. ಪ್ರಶ್ನೆಯನ್ನು ಮನೆಮಾತಿಗೆ ತಿರುಗಿಸಿ, ಉತ್ತರವನ್ನು ಮತ್ತೆ ಶಾಲೆಯ ಭಾಷೆಗೆ ತರಬೇಕಾದ ಮಗುವಿಗೆ ಆ ಎರಡು ಸೆಕೆಂಡುಗಳ ಬೆಲೆ ಬಹಳ. ಇಂಥ ಸಣ್ಣ ಸಂಗತಿಗಳನ್ನು ಉಪನ್ಯಾಸದಿಂದ ರೂಢಿ ಮಾಡಿಸಲಾಗದು. ತರಗತಿಯಲ್ಲಿ ನಿಂತು, ಇನ್ನೊಬ್ಬರು ಗಮನಿಸಿ ಹೇಳಿದಾಗ ಮಾತ್ರ ರೂಢಿಗೆ ಬರುತ್ತವೆ.

ಕಾನೂನು ಏನು ಹೇಳುತ್ತದೆ?

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಗುಳೆ ಹೋದ ಮಕ್ಕಳಿಗೆ ನೇರವಾಗಿ ಸಂಬಂಧಿಸಿದ ಅಂಶಗಳಿವೆ. ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು (4ನೇ ಪ್ರಕರಣ). ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ (5ನೇ ಪ್ರಕರಣ). ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ (14ನೇ ಪ್ರಕರಣ). ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳಗಳಿಗೆ ನಿಷೇಧವಿದೆ (17ನೇ ಪ್ರಕರಣ). ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅರಿತು ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಕರ ಕರ್ತವ್ಯ (24ನೇ ಪ್ರಕರಣ). ಸಾಧ್ಯವಿದ್ದಷ್ಟು ಮಟ್ಟಿಗೆ ಬೋಧನೆ ಮಾತೃಭಾಷೆಯಲ್ಲಿ ನಡೆಯಬೇಕು (29ನೇ ಪ್ರಕರಣ).

ನವೆಂಬರ್ ತಿಂಗಳಲ್ಲಿ, ಕೈಯಲ್ಲಿ ಯಾವ ಕಾಗದವೂ ಇಲ್ಲದೆ ಮಗುವೊಂದು ತಂದೆಯ ಜೊತೆ ಬಂದು ನಿಂತರೆ ‘ಜೂನ್‌ನಲ್ಲಿ ಬನ್ನಿ’ ಎನ್ನುವುದು ಕಾನೂನುಬಾಹಿರ ಎಂಬ ತಿಳಿವಳಿಕೆ ಪ್ರತಿ ಹೊಸ ಶಿಕ್ಷಕರಲ್ಲಿ ಇರಬೇಕು. ಹಾಗೆ ಹಿಂದಿರುಗಿದ ಮಗು ಜೂನ್‌ನಲ್ಲಿ ಬರುವುದಿಲ್ಲ. ಆ ವೇಳೆಗೆ ಅದರ ಕುಟುಂಬ ಮತ್ತೊಂದು ಕಟ್ಟಡದ ಬಳಿ ಇರುತ್ತದೆ.

ನಮ್ಮಲ್ಲೇ ಇರುವ ಅನುಭವ

ಈ ಪ್ರಶ್ನೆ ಈ ನಾಡಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಶಾಲೆಯಲ್ಲಿ ಬೇರೆ ಭಾಷೆಯನ್ನು ಎದುರಿಸಬೇಕಿತ್ತು. 1860ರ ದಶಕದಲ್ಲಿ ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಸಲು ಕೈಹಾಕಿದರು. ಅದಕ್ಕೆ ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರು ಬೇಕಿತ್ತು. ಆ ಶಿಕ್ಷಕರನ್ನು ಸಿದ್ಧಗೊಳಿಸುವ ಸಂಸ್ಥೆ ಅವರ ಕೈಯಲ್ಲೇ ಇತ್ತು. ಮಗುವಿನ ಮನೆಮಾತಿಗೆ ಶಾಲೆಯಲ್ಲಿ ಸ್ಥಾನ ಕೇಳಿಯೇ ಇಲ್ಲಿ ಕನ್ನಡ ಶಿಕ್ಷಣ ಬೇರೂರಿತು. ಅಂದು ಕನ್ನಡದ ಮಗುವಿಗೆ ಕೇಳಿದ ನ್ಯಾಯವನ್ನು ಇಂದು ಲಂಬಾಣಿ ಅಥವಾ ಉರ್ದು ಮಾತಿನ ಮಗುವಿಗೆ ನಿರಾಕರಿಸುವುದು ಹೇಗೆ?

ಹತ್ತಿರದ ಕಾಲದ ಉದಾಹರಣೆ ‘ನಲಿ–ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ಈ ಪದ್ಧತಿಯ ರೂಪಣೆಯಲ್ಲಿ ಅಲ್ಲಿಯ ಶಿಕ್ಷಕರೇ ಪಾಲುಗೊಂಡಿದ್ದರು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಏರುತ್ತದೆ. ಕೆಲದಿನ ಗೈರಾದ ಮಗು ಬಿಟ್ಟಲ್ಲಿಂದ ಮುಂದುವರಿಯುತ್ತದೆ. 2009–10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರಕಾರಿ ಶಾಲೆಗಳಿಗೆ ವಿಸ್ತರಿಸಿತು. ಬೆಂಗಳೂರಿನಲ್ಲಿ ವಲಸೆ ಕಾರ್ಮಿಕರ ಮಕ್ಕಳಿಗಾಗಿ ನಡೆದ ಟೆಂಟ್ ಶಾಲೆಗಳು, 2000ದ ದಶಕದ ‘ಚಿಣ್ಣರ ಅಂಗಳ’ ಸೇತುಬಂಧ ಶಿಬಿರಗಳು ಕೂಡ ಬಿಟ್ಟುಹೋದ ಮಕ್ಕಳನ್ನು ಮರಳಿ ಕರೆತರುವ ಪ್ರಯತ್ನಗಳೇ. ಈ ಅನುಭವಗಳು ಡಿ.ಇಡಿ ವಿದ್ಯಾರ್ಥಿಗೆ ಪರೀಕ್ಷೆಯ ಪ್ರಶ್ನೆಯಾಗಿ ತಲುಪಿದರೆ ಸಾಲದು.

ಏನು ಮಾಡಬಹುದು?

ಒಂದು, 16 ವಾರಗಳ ಶಾಲಾ ಅನುಭವದಲ್ಲಿ ಒಂದಷ್ಟು ವಾರಗಳನ್ನು ವಿದ್ಯಾರ್ಥಿ ಶಿಕ್ಷಕರ ಸ್ವಂತ ಪರಿಸರಕ್ಕೆ ಹೊರತಾದ ಶಾಲೆಗೆ ಮೀಸಲಿಡುವುದು. ಗದಗದ ತರಬೇತಿ ಸಂಸ್ಥೆಯಲ್ಲಿ ಓದುವವರು ಹುಬ್ಬಳ್ಳಿಯ ಉರ್ದು ಶಾಲೆಯಲ್ಲಿ ಕೆಲದಿನ ಕುಳಿತು ನೋಡಿದರೆ, ಭಾಷೆ ತಿಳಿಯದ ತರಗತಿಯಲ್ಲಿ ಕುಳಿತ ಮಗುವಿನ ಸ್ಥಿತಿ ಸ್ವತಃ ಅನುಭವಕ್ಕೆ ಬರುತ್ತದೆ.

ಎರಡು, ತರಗತಿಯ ಭಾಷಾ ನಕ್ಷೆ. ಪ್ರತಿ ಮಗು ಮನೆಯಲ್ಲಿ ಯಾರೊಡನೆ ಯಾವ ಮಾತಾಡುತ್ತದೆ, ಎಲ್ಲಿಂದ ಬಂದಿದೆ, ಎಷ್ಟು ಶಾಲೆ ಬದಲಿಸಿದೆ ಎಂಬುದನ್ನು ಮೊದಲ ಎರಡು ವಾರಗಳಲ್ಲಿ ಒಂದು ಹಾಳೆಯಲ್ಲಿ ಬರೆದಿಡುವುದು. ಜಾತಿ, ಧರ್ಮಗಳ ವಿಚಾರಣೆಯಾಗದಂತೆ ಇದನ್ನು ಕೇಳುವ ನಯವನ್ನೂ ಕಲಿಸಬೇಕಾಗುತ್ತದೆ.

ಮೂರು, ಮೊದಲ ವರ್ಷದ ಆಸರೆ. ಸಮೂಹ ಸಂಪನ್ಮೂಲ ವ್ಯಕ್ತಿಗಳು ನಡೆಸುವ ಸಭೆಗಳಲ್ಲಿ ಅಂಕಿಅಂಶ ಸಂಗ್ರಹಕ್ಕಿಂತ ಹೊಸ ಶಿಕ್ಷಕರ ತರಗತಿಯ ತೊಡಕುಗಳಿಗೆ ಸಮಯ ಸಿಗಬೇಕು. ಅತಿಥಿ ಶಿಕ್ಷಕರನ್ನೂ ಈ ಸಭೆಗಳಿಗೆ ಕರೆಯಬೇಕು.

ನಾಲ್ಕು, ಬೋಧನೇತರ ಹೊರೆ. 2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ನಿಯೋಜಿಸಿದ್ದರಿಂದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಪ್ರತಿ ಮಗುವನ್ನು ಅರಿಯಿರಿ ಎಂದು ಹೇಳುವ ವ್ಯವಸ್ಥೆ ಅದಕ್ಕೆ ಬೇಕಾದ ದಿನಗಳನ್ನೂ ಕೊಡಬೇಕು.

ಒಂದು ಆಕ್ಷೇಪ

ಎಲ್ಲರ ಮನೆಮಾತಿಗೂ ಜಾಗ ಕೊಟ್ಟರೆ ಕನ್ನಡದ ಗತಿಯೇನು ಎಂದು ಕೇಳುವವರಿದ್ದಾರೆ. ಆತಂಕ ಸಹಜವಾದದ್ದು, ಅದಕ್ಕೆ ಆಧಾರವಾಗುವ ಸಂಗತಿಗಳೂ ಇವೆ. ಆದರೆ ಮನೆಮಾತಿನಲ್ಲಿ ಅರ್ಥ ಹಿಡಿದು ಕನ್ನಡದಲ್ಲಿ ಹೇಳಲು ಕಲಿತ ಮಗು ಕನ್ನಡಕ್ಕೆ ದಕ್ಕುತ್ತದೆ. ‘ಹಲ್ಲಿ’ ಎಂದು ಬರೆದುದಕ್ಕೆ ತರಗತಿಯ ಮುಂದೆ ನಗೆಪಾಟಲಾದ ಮಗು ಶಾಲೆಯನ್ನೂ ಬಿಡಬಹುದು, ಭಾಷೆಯನ್ನೂ ಬಿಡಬಹುದು. ಹೆಚ್ಚು ಶಿಕ್ಷಕರಿಗೆ ಹತ್ತು ಭಾಷೆ ಬರಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಮಗುವಿಗೆ ಒಂದು ಭಾಷೆ ಈಗಾಗಲೇ ಬರುತ್ತದೆ ಎಂಬುದನ್ನು ಗುರುತಿಸಬೇಕೆಂದಷ್ಟೇ ಕೇಳಲಾಗುತ್ತಿದೆ.

ರೋಣ ಸೀಮೆಯಿಂದ ಬೆಂಗಳೂರಿಗೆ ಹೋದ ಹೊಸ ಶಿಕ್ಷಕಿಗೆ ಇದನ್ನು ಹೊರಗಿನಿಂದ ಕಲಿಸಬೇಕಾದ ಅಗತ್ಯ ಕಡಿಮೆ. ‘ಹೋಗಾಕತ್ತೀನಿ’, ‘ಬರ್ತೇನ್ರಿ’ ಎಂದಾಗ ಸುತ್ತಲಿನವರು ಮುಸಿಮುಸಿ ನಕ್ಕದ್ದನ್ನು ಆಕೆ ಒಮ್ಮೆಯಾದರೂ ಅನುಭವಿಸಿರುತ್ತಾಳೆ. ತರಬೇತಿಯ ಎರಡು ವರ್ಷಗಳಲ್ಲಿ ಆಕೆ ತನ್ನ ಮಾತನ್ನು ಮುಚ್ಚಿಟ್ಟುಕೊಳ್ಳುವುದನ್ನು ಕಲಿತರೆ, ಮುಂದೆ ಮಕ್ಕಳಿಗೂ ಅದನ್ನೇ ಕಲಿಸುತ್ತಾಳೆ. ಆ ಅನುಭವವೇ ತನ್ನ ವೃತ್ತಿಯ ಬಂಡವಾಳವೆಂದು ಆಕೆಗೆ ತಿಳಿಯುವಂತೆ ಮಾಡಿದರೆ, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತ ಮಗುವಿನ ಬಳಿಗೆ ಮೊದಲು ಹೋಗುವವಳು ಆಕೆಯೇ ಆಗಿರುತ್ತಾಳೆ.